ನಾಲ್ಕು ಕೇರಳದಷ್ಟು ಪೊದೆ

ಕೇರಳದ ವಿಸ್ತೀರ್ಣ 38,863 ಚದರ ಕಿಲೋಮೀಟರ್. ಕಾಸರಗೋಡಿನಿಂದ ತಿರುವನಂತಪುರದವರೆಗೆ, ಕಡಲಂಚಿನಿಂದ ಘಟ್ಟದ ನೆತ್ತಿಯವರೆಗೆ ಇರುವ ಆ ಇಡೀ ರಾಜ್ಯವನ್ನು ಕಣ್ಣಮುಂದೆ ತಂದುಕೊಳ್ಳಿ. ಅಂಥ ನಾಲ್ಕು ಕೇರಳ ಸೇರಿದರೆ ಎಷ್ಟು ನೆಲವಾಗುತ್ತದೋ, ಭಾರತದ ಕಾಡುಗಳಲ್ಲಿ ಹೆಚ್ಚುಕಡಿಮೆ ಅಷ್ಟು ನೆಲಕ್ಕೆ ಹೊರದೇಶದ ಒಂದೇ ಒಂದು ಪೊದೆ ಹಬ್ಬಿದೆ. ಅದು ಲಾಂಟಾನ. ಬೇಲಿಯ ಬದಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಗುಡ್ಡದ ಓರೆಯಲ್ಲಿ ಹಳದಿ, ಕೆಂಪು, ಗುಲಾಬಿ ಬಣ್ಣದ ಪುಟ್ಟ ಹೂಗೊಂಚಲು ಹೊತ್ತು ನಿಂತಿರುವ ಇದನ್ನು ಕರ್ನಾಟಕದಲ್ಲಿ ನೋಡದವರಿಲ್ಲ. ಇಷ್ಟು ಪರಿಚಿತವಾದ್ದರಿಂದಲೇ ಇದು ಎಷ್ಟು ಹಬ್ಬಿದೆ ಎಂಬುದು ನಮ್ಮ ಅರಿವಿಗೆ ಬಂದಿಲ್ಲ.

ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೇಶದ ಹುಲಿ ಕಾಡುಗಳಲ್ಲಿ ಲಾಂಟಾನ ಆಕ್ರಮಿಸಿರುವ ಪ್ರದೇಶ 1,54,000 ಚದರ ಕಿಲೋಮೀಟರಿಗೂ ಹೆಚ್ಚು. ಅಂದರೆ ಆ ಕಾಡುಗಳ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು. ಇಡೀ ತಮಿಳುನಾಡು ಇದಕ್ಕಿಂತ ಚಿಕ್ಕದು. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರಿನಿಂದ ಚಾಮರಾಜನಗರದವರೆಗೆ ಊರು, ಕೆರೆ, ಹೊಲ, ರಸ್ತೆ ಎಲ್ಲವನ್ನೂ ಸೇರಿಸಿ ರಾಜ್ಯವನ್ನು ಐದು ಪಾಲು ಮಾಡಿದರೆ, ನಾಲ್ಕು ಪಾಲು ನೆಲಕ್ಕೆ ಹೊದಿಸುವಷ್ಟು ಪೊದೆ ಅದು.

ಇಂಥ ಅಂಕಿಯ ಹಿಂದೆ ಕಾಡಿನೊಳಗೆ ಕಾಲ್ನಡಿಗೆಯಲ್ಲಿ ಸಾಗಿದ ದೊಡ್ಡ ಶ್ರಮವಿದೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯಲ್ಲಿ ಅರಣ್ಯ ಇಲಾಖೆಯ ಗಾರ್ಡುಗಳು, ವಾಚರುಗಳು ಹುಲಿಯ ಹೆಜ್ಜೆಯ ಜೊತೆಗೆ ಗಿಡಮರಗಳನ್ನೂ ದಾಖಲಿಸುತ್ತಾರೆ. 2018ರ ಗಣತಿಯಲ್ಲಿ ಅವರು ನಡೆದ ಒಟ್ಟು ದೂರ 5,22,996 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಎಂದಿಟ್ಟುಕೊಂಡರೆ, ಒಂದೇ ಗಣತಿಗಾಗಿ ನಮ್ಮ ಅರಣ್ಯ ಸಿಬ್ಬಂದಿ ಭೂಮಿಯನ್ನು ಹದಿಮೂರು ಸುತ್ತು ಹಾಕಿದಷ್ಟು ನಡೆದಿದ್ದಾರೆ. ಗಿಡಮರಗಳ ವಿವರಕ್ಕಾಗಿ ಅವರು ನಿಂತು ನೋಡಿದ ತಾಣಗಳು ಮೂರು ಲಕ್ಷಕ್ಕೂ ಹೆಚ್ಚು. ಹುಲಿ ಎಷ್ಟಿವೆ ಎಂಬ ಸುದ್ದಿ ಮುಖಪುಟಕ್ಕೆ ಬರುತ್ತದೆ. ಹುಲಿಯ ಆಹಾರವಾದ ಜಿಂಕೆ, ಕಡವೆಗಳು ಮೇಯುವ ಹುಲ್ಲು ಎಷ್ಟು ಉಳಿದಿದೆ ಎಂಬ ಸುದ್ದಿಗೆ ಒಳಪುಟದಲ್ಲೂ ಜಾಗ ಸಿಗುವುದಿಲ್ಲ.

ಇಷ್ಟಕ್ಕೆಲ್ಲ ಮೂಲ, ಹೂವಿನ ಚಂದಕ್ಕಾಗಿ ತಂದು ನೆಟ್ಟ ಒಂದು ಅಲಂಕಾರದ ಗಿಡ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಲಾಂಟಾನವನ್ನು 1600ರ ದಶಕಗಳಲ್ಲಿ ಡಚ್ಚರು ಯುರೋಪಿನ ತೋಟಗಳಿಗೆ ಒಯ್ದರು. ತೋಟಗಾರರು ಅದಕ್ಕೆ ತಳಿ ಬೆರೆಸಿ, ಬಣ್ಣ ಬದಲಿಸಿ, ನೂರಾರು ಬಗೆ ಸೃಷ್ಟಿಸಿದರು. 1800ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಅಲ್ಲಿಂದ ದಂಡುಪ್ರದೇಶಗಳ ಬಂಗಲೆಗಳಿಗೆ, ಗಿರಿಧಾಮಗಳಿಗೆ, ಕಾಫಿ ತೋಟಗಳ ಬೇಲಿಗೆ ಬಂತು. ಬೇಲಿ ದಾಟಿ ಕಾಡಿಗೆ ಹೋಗಲು ಅದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಪಿಕಳಾರ, ಗೊರವಂಕಗಳು ಅದರ ಕಪ್ಪು ಹಣ್ಣು ತಿಂದು ಬೇಕಾದಲ್ಲಿ ಬೀಜ ಉದುರಿಸಿದವು.

ಒಂದು ಬಲಿತ ಲಾಂಟಾನ ಗಿಡ ವರ್ಷಕ್ಕೆ ಸುಮಾರು 12,000 ಹಣ್ಣು ಬಿಡಬಲ್ಲದು. ಒಂದು ಲೆಕ್ಕ ಮಾಡಿ ನೋಡೋಣ. ಸಾವಿರ ಹಣ್ಣಿಗೆ ಒಂದರಂತೆ ಮಾತ್ರ ಮೊಳೆತು ಗಿಡವಾಯಿತು, 999 ಹಾಳಾದವು ಎಂದಿಟ್ಟುಕೊಳ್ಳಿ. ಆಗಲೂ ಒಂದು ಗಿಡದಿಂದ 12 ಗಿಡ. ಆ ಹನ್ನೆರಡರಿಂದ 144. ಮೂರನೇ ತಲೆಮಾರಿಗೆ 1,728. ಐದನೇ ತಲೆಮಾರಿಗೆ 2,48,832. ತಲೆಮಾರಿಗೆ ಎರಡು ವರ್ಷವೆಂದು ಹಿಡಿದರೂ ಹತ್ತೇ ವರ್ಷದಲ್ಲಿ ಒಂದು ಗಿಡದ ಸಂತಾನ ಎರಡೂವರೆ ಲಕ್ಷ. ಕಾಡಿನಲ್ಲಿ ಕಾಗದದ ಲೆಕ್ಕದಂತೆ ಎಲ್ಲವೂ ನಡೆಯದು. ನೆರಳು, ಬರ, ಪೈಪೋಟಿ ಈ ವೇಗಕ್ಕೆ ತಡೆ ಹಾಕುತ್ತವೆ. ಆದರೆ ಎಲೆಯಲ್ಲಿ ವಿಷವಿದ್ದು ದನ, ಜಿಂಕೆ ಬಾಯಿ ಹಾಕದ, ಕಡಿದರೆ ಬುಡದಿಂದ ಹತ್ತು ಚಿಗುರು ಒಡೆಯುವ, ನೆಲಕ್ಕೆ ತಾಗಿದ ಕೊಂಬೆಯೂ ಬೇರು ಬಿಡುವ ಗಿಡಕ್ಕೆ ಹಾಕಬಹುದಾದ ತಡೆಗಳು ಬಹಳ ಕಡಿಮೆ.

ಈ ಲೆಕ್ಕ ಒಂದು ಬೆಟ್ಟದಲ್ಲಿ ಹೇಗೆ ನಿಜವಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಪೂರ್ವ ಮತ್ತು ಪಶ್ಚಿಮ ಘಟ್ಟಗಳನ್ನು ಬೆಸೆಯುವ ನೆಲ. 600 ಮೀಟರಿನ ಕುರುಚಲು ಕಾಡಿನಿಂದ 1,800 ಮೀಟರ್ ಎತ್ತರದ ಶೋಲಾ, ಹುಲ್ಲುಗಾವಲಿನವರೆಗೆ ಎಲ್ಲ ಬಗೆಯ ಕಾಡೂ ಇಲ್ಲಿ ಒಂದೇ ಮೈಯಲ್ಲಿವೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ಈ ಬೆಟ್ಟಸಾಲನ್ನು ಚೌಕಗಳಾಗಿ ಹಂಚಿಕೊಂಡು ಅಲ್ಲಿನ ಗಿಡಮರಗಳನ್ನು ಎಣಿಸಿದ್ದರು. ಅವುಗಳಲ್ಲಿ 134 ತಾಣಗಳನ್ನು 2008ರಲ್ಲಿ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಹಳೆಯ ಎಣಿಕೆಯೊಂದಿಗೆ ಹೋಲಿಸಿ ನೋಡಿದರು. 1997ರಲ್ಲಿ ನೂರಕ್ಕೆ 41 ತಾಣಗಳಲ್ಲಿ ಲಾಂಟಾನ ಇತ್ತು. ಹನ್ನೊಂದೇ ವರ್ಷದಲ್ಲಿ ಅದು 81ಕ್ಕೆ ಏರಿತ್ತು. ದಟ್ಟಣೆ ನಾಲ್ಕು ಪಟ್ಟಾಗಿತ್ತು. ಲಾಂಟಾನ ಹೆಚ್ಚಿದ ಕಡೆ ನಾಡ ಮರಗಳ ವೈವಿಧ್ಯ ಇಳಿದಿತ್ತು.

ಹನ್ನೊಂದು ವರ್ಷವೆಂದರೆ ಮರದ ಆಯುಸ್ಸಿನಲ್ಲಿ ಏನೂ ಅಲ್ಲ. ಇದೇ ಬೆಟ್ಟದಲ್ಲಿ ಇಲ್ಲಿನ ಆದಿವಾಸಿಗಳಾದ ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರಕ್ಕೆ ಆರು ನೂರು ವರ್ಷ ದಾಟಿದೆ ಎಂಬ ನಂಬಿಕೆಯಿದೆ. ಮತ್ತಿ, ದಿಂಡಿಗ, ಹೊನ್ನೆಯಂಥ ಮರಗಳು ಒಮ್ಮೆಗೆ ಸಾಯುವುದಿಲ್ಲ. ಲಾಂಟಾನ ಅವುಗಳನ್ನು ಕೊಲ್ಲುವುದೂ ಇಲ್ಲ. ಅದು ನಿಲ್ಲಿಸುವುದು ಮರಿಗಳನ್ನು. ಆಳೆತ್ತರದ, ಎರಡಾಳೆತ್ತರದ ಪೊದೆಯ ಕೆಳಗೆ ಬಿಸಿಲು ಇಳಿಯದೆ ಹುಲ್ಲು ಹೋಗುತ್ತದೆ, ಬಿದ್ದ ಬೀಜ ಮೊಳೆತರೂ ಬೆಳೆಯದು. ತಲೆಯ ಮೇಲೆ ಮರಗಳು ಹಾಗೇ ನಿಂತಿರುವುದರಿಂದ ಉಪಗ್ರಹದ ಕಣ್ಣಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಆದರೆ ಅದು ಮಕ್ಕಳಿಲ್ಲದೆ ಅಜ್ಜ ಅಜ್ಜಿಯರಷ್ಟೇ ಉಳಿದ ಊರಿನ ಹಾಗೆ. ಈಗಿನ ಮರಗಳು ಉರುಳುವ ದಿನ ಬಂದಾಗ ಅವುಗಳ ಜಾಗಕ್ಕೆ ಬರುವ ಮರಗಳು ಇರುವುದಿಲ್ಲ.

ಹುಲ್ಲು ಹೋದರೆ ಜಿಂಕೆ, ಕಾಡೆಮ್ಮೆ, ಆನೆಗೆ ಮೇವಿಲ್ಲ. ಮೇವು ಅರಸಿ ಅವು ಕಾಡಂಚಿನ ಹೊಲಕ್ಕೆ ಇಳಿದರೆ ರೈತನ ರಾಗಿ, ಜೋಳ ಹೋಗುತ್ತದೆ. ಅದರ ಪರಿಹಾರಕ್ಕೆ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಂತವನಿಗೆ, ತನ್ನ ಬೆಳೆ ಹೋದದ್ದಕ್ಕೂ ಕಾಡಿನೊಳಗಿನ ಪೊದೆಗೂ ಇರುವ ನಂಟನ್ನು ಯಾವ ನಮೂನೆಯಲ್ಲೂ ಬರೆಯಲು ಜಾಗವಿರುವುದಿಲ್ಲ.

ಈ ಬೆಟ್ಟದ ಸೋಲಿಗರು ಲಾಂಟಾನವನ್ನು ರೋಜಾ ಕಡ್ಡಿ ಎನ್ನುತ್ತಾರೆ. ಅದು ಹೀಗೆ ಏಕೆ ಏರಿತು ಎಂಬುದಕ್ಕೆ ಅವರ ಬಳಿ ಸ್ಪಷ್ಟ ಉತ್ತರವಿದೆ: ತರಗು ಬೆಂಕಿ ನಿಂತದ್ದರಿಂದ. ಚಳಿ ಮುಗಿದು ಬೇಸಿಗೆ ಇನ್ನೂ ಬಲಿಯದ ದಿನಗಳಲ್ಲಿ, ನೆಲದಲ್ಲಿ ತುಸು ತೇವ ಇರುವಾಗಲೇ, ಅವರ ಹಿರಿಯರು ಒಣ ತರಗೆಲೆಗೆ ಕಿರುಬೆಂಕಿ ಇಡುತ್ತಿದ್ದರು. ಅದು ಮೊಣಕಾಲೆತ್ತರ ಏಳದೆ ನೆಲ ಸವರಿಕೊಂಡು ಹೋಗುತ್ತಿತ್ತು. ಎಳೆಯ ಲಾಂಟಾನ ಸುಟ್ಟುಹೋಗುತ್ತಿತ್ತು, ದಪ್ಪ ತೊಗಟೆಯ ಮರಗಳು ಉಳಿಯುತ್ತಿದ್ದವು, ಮಳೆ ಬಿದ್ದೊಡನೆ ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿ ಮರವನ್ನು ಹೀರುವ ಬಂದಳಿಕೆಯೂ ಹತೋಟಿಯಲ್ಲಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಜಾಗ ಬದಲಿಸುತ್ತ ಮಾಡುವ ಕುಮರಿ ಬೇಸಾಯ ನಿಂತಿತು, ಸೋಲಿಗರು ಪೋಡು ಎಂಬ ಪುಟ್ಟ ಹಾಡಿಗಳಲ್ಲಿ ನೆಲೆ ನಿಲ್ಲಬೇಕಾಯಿತು, ಬೆಂಕಿ ಇಡುವುದು ಅಪರಾಧವಾಯಿತು.

ವಿಜ್ಞಾನ ಇದಕ್ಕೆ ಕಿವಿಗೊಡಲು ಸಮಯ ತೆಗೆದುಕೊಂಡಿತು. ಬೆಂಕಿಯೇ ಲಾಂಟಾನಕ್ಕೆ ದಾರಿ ಮಾಡುತ್ತದೆ, ಲಾಂಟಾನ ಮತ್ತೆ ಬೆಂಕಿಗೆ ಸೌದೆಯಾಗುತ್ತದೆ ಎಂಬ ಚಕ್ರದ ಊಹೆಯನ್ನು 2005ರಲ್ಲಿ ಮುಂದಿಟ್ಟವರು ಇದೇ ಹಿರೇಮಠ ಮತ್ತು ಸುಂದರಂ. ಮುಂದೆ ಇದೇ ಸಂಶೋಧಕರು ಸೋಲಿಗರೊಂದಿಗೆ ಕುಳಿತು, ಅವರ ತಿಳಿವಳಿಕೆಯನ್ನು ತಮ್ಮ ಅಂಕಿಗಳ ಪಕ್ಕದಲ್ಲಿಟ್ಟು, 2012ರಲ್ಲಿ ಅದನ್ನು ವಿಜ್ಞಾನ ಪತ್ರಿಕೆಯಲ್ಲಿ ದಾಖಲಿಸಿದರು. ಎರಡು ಮಾತನ್ನೂ ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಯಾವ ಬೆಂಕಿ, ಯಾವಾಗ, ಎಷ್ಟು ಎಂಬುದೇ ಎಲ್ಲ. ಗಿಡ ಎಳೆಯದಾಗಿದ್ದಾಗ ತರಗು ಬೆಂಕಿ ಅದನ್ನು ತಡೆಯಬಲ್ಲದು. ಪೊದೆ ದಟ್ಟೈಸಿ ಕಾಡಿನ ತುಂಬ ಒಣ ಕಡ್ಡಿ ಪೇರಿದ ಮೇಲೆ ಅದೇ ಬೆಂಕಿ ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಕಾಡು ಉರಿದಾಗ ನಾಡು ಕಂಡದ್ದು ಅಂಥ ಜ್ವಾಲೆಯನ್ನು. ಇಂದು ಏಕಾಏಕಿ ತರಗು ಬೆಂಕಿಗೆ ಮರಳಲಾಗದು. ಮೊದಲು ಪೊದೆ ತೆಗೆಯಬೇಕು, ಆಮೇಲೆ ಆ ಹಳೆಯ ಜಾಣ್ಮೆಗೆ ಜಾಗ ಮಾಡಬೇಕು.

ಇನ್ನೂ ಎತ್ತರಕ್ಕೆ ಹೋದರೆ ಗಿಡ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ. ನೀಲಗಿರಿ, ಪಳನಿ, ಆನೈಮಲೆಗಳ ಹುಲ್ಲುಗಾವಲನ್ನು ಬ್ರಿಟಿಷರು ಪಾಳುಭೂಮಿ ಎಂದು ಬರೆದುಕೊಂಡರು. ಸೌದೆಗೆ, ಚರ್ಮ ಹದಮಾಡುವ ತೊಗಟೆಗೆ ಆಸ್ಟ್ರೇಲಿಯಾದ ವ್ಯಾಟಲ್ ಮತ್ತು ನೀಲಗಿರಿ ಮರಗಳನ್ನು ನೆಟ್ಟರು. ಸ್ವತಂತ್ರ ಭಾರತವೂ ನೆಡುವುದನ್ನು ಮುಂದುವರಿಸಿತು. ನೆಡುವುದು ನಿಂತ ಮೇಲೂ ವ್ಯಾಟಲ್ ತಾನಾಗಿ ಹಬ್ಬಿತು. ಉಪಗ್ರಹ ಚಿತ್ರಗಳನ್ನು ಹೋಲಿಸಿದ ಸಂಶೋಧಕರು, 1973ರಿಂದ 2017ರವರೆಗಿನ 44 ವರ್ಷಗಳಲ್ಲಿ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿ ಸುಮಾರು ನೂರಕ್ಕೆ 23 ಪಾಲು ಹೊರಗಿನ ಮರಗಳ ಪಾಲಾದದ್ದನ್ನು ಕಂಡರು. ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟಕ್ಕೆ ನೀಲಿ ಬಳಿಯುವ ಕುರಿಂಜಿ ಬೆಳೆಯುವುದು, ನೀಲಗಿರಿ ತಾರ್ ಎಂಬ ಕಾಡುಮೇಕೆ ಮೇಯುವುದು ಈ ಹುಲ್ಲಿನಲ್ಲಿ. ಮಳೆಗಾಲದ ನೀರು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹೊಳೆಗೆ ಬಿಡುವುದೂ ಇದೇ ನೆಲ. ಇಲ್ಲಿ ಬೆಂಕಿಯ ಪರಿಣಾಮ ತಿರುವುಮುರುವು: ಹತ್ತಾರು ವರ್ಷ ಮಣ್ಣಿನಲ್ಲಿ ಮಲಗಿರುವ ವ್ಯಾಟಲ್ ಬೀಜ ಬೆಂಕಿಯ ಕಾವು ತಗುಲಿದರೆ ಏಳುತ್ತದೆ. ಒಂದು ಬೆಟ್ಟದ ಮದ್ದು ಇನ್ನೊಂದು ಬೆಟ್ಟಕ್ಕೆ ವಿಷವಾಗಬಹುದು.

ನಮ್ಮ ಗಡಿಯಾಚೆಯೇ ಹೊಸ ಎಚ್ಚರಿಕೆಯೂ ಇದೆ. ಬಂಡೀಪುರ, ನಾಗರಹೊಳೆಗೆ ಅಂಟಿಕೊಂಡ ವಯನಾಡು ಅಭಯಾರಣ್ಯದ ವಿಸ್ತೀರ್ಣ 344 ಚದರ ಕಿಲೋಮೀಟರ್. ಅದರಲ್ಲಿ 120 ಚದರ ಕಿಲೋಮೀಟರಿಗೂ ಹೆಚ್ಚು ನೆಲಕ್ಕೆ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಹಬ್ಬಿದೆ. ಅದೂ ಚಂದಕ್ಕೆಂದು ನೆಟ್ಟದ್ದೇ. ಅದರ ಬೀಜಕ್ಕೆ ರಾಜ್ಯದ ಗಡಿ ಗೊತ್ತಿಲ್ಲ.

ಜಗತ್ತಿನ ಲೆಕ್ಕ ಇನ್ನೂ ದೊಡ್ಡದು. ಜೀವವೈವಿಧ್ಯದ ಬಗ್ಗೆ ಸರ್ಕಾರಗಳಿಗೆ ವೈಜ್ಞಾನಿಕ ಸಲಹೆ ಕೊಡುವ ಅಂತರರಾಷ್ಟ್ರೀಯ ವೇದಿಕೆ 2023ರಲ್ಲಿ ಒಂದು ವರದಿ ಹೊರತಂದಿತು. ಮನುಷ್ಯ ತನ್ನ ಜೊತೆ ಹೊಸ ನೆಲಕ್ಕೆ ಒಯ್ದ ಜೀವಜಾತಿಗಳು 37,000ಕ್ಕೂ ಹೆಚ್ಚು. ಪ್ರತಿ ವರ್ಷ ಇನ್ನೂ ಸುಮಾರು 200 ಸೇರುತ್ತಿವೆ. ಅವುಗಳಲ್ಲಿ ಹಾನಿಕಾರಕ ಎಂದು ದೃಢಪಟ್ಟವು 3,500ಕ್ಕೂ ಹೆಚ್ಚು. ಭೂಮಿಯಿಂದ ಅಳಿದುಹೋದ ಸಸ್ಯ, ಪ್ರಾಣಿಗಳಲ್ಲಿ ನೂರಕ್ಕೆ 60ರ ಅಳಿವಿನಲ್ಲಿ ಇಂಥ ಹೊರಗಿನ ಜೀವಿಗಳ ಕೈವಾಡವಿದೆ. 2019ರಲ್ಲಿ ಇವುಗಳಿಂದಾದ ನಷ್ಟ ವರ್ಷಕ್ಕೆ 423 ಶತಕೋಟಿ ಡಾಲರ್ ದಾಟಿತ್ತು. ರೂಪಾಯಿ ಲೆಕ್ಕದಲ್ಲಿ ಸುಮಾರು 35 ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2024-25ರ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ಅಂಥ ಒಂಬತ್ತು ಬಜೆಟ್ ಸೇರಿದರೂ ಆ ಒಂದು ವರ್ಷದ ನಷ್ಟ ತುಂಬುವುದಿಲ್ಲ. ಆ ವರದಿಯ ಪ್ರಕಾರ ಜಗತ್ತಿನಲ್ಲಿ ಅತಿ ಹೆಚ್ಚು ಕಡೆ ಹರಡಿದ ಆಕ್ರಮಣಕಾರಿ ಜೀವಿಗಳಲ್ಲಿ ಮೊದಲ ಸ್ಥಾನ ನೀರಿನ ಹಯಸಿಂತ್‌ಗೆ, ಎರಡನೆಯದು ಲಾಂಟಾನಕ್ಕೆ. ಹಡಗು ಹತ್ತಿ ಲೋಕವೆಲ್ಲ ಸುತ್ತಿದ ಕಪ್ಪು ಇಲಿಯೂ ಅದರ ಹಿಂದೆಯೇ ಇದೆ.

ಹಾಗಾದರೆ ಕಿತ್ತು ಹಾಕಬಾರದೇ? ಅದಕ್ಕೂ ಲೆಕ್ಕ ಹಾಕೋಣ. ದಿನಕ್ಕೆ ಒಂದು ಚದರ ಕಿಲೋಮೀಟರ್, ಅಂದರೆ 247 ಎಕರೆ, ಒಂದು ಭಾನುವಾರವೂ ರಜೆಯಿಲ್ಲದೆ ತೆಗೆಯುತ್ತಾ ಹೋದರೆ 1,54,000 ದಿನ ಬೇಕು. ಅದು 421 ವರ್ಷ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ 1610ರಲ್ಲಿ ಕೆಲಸ ಹಿಡಿದಿದ್ದರೂ ಅದು ಮುಗಿಯುವುದು 2031ಕ್ಕೆ. ಮೊದಲು ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದನ್ನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ. ಕೀಟ ಬಿಟ್ಟು ಸಾಯಿಸುವ ಪ್ರಯತ್ನ 1902ರಲ್ಲಿ ಹವಾಯಿಯಲ್ಲಿ ಶುರುವಾಯಿತು. ಆಮೇಲೆ ಜಗತ್ತಿನಾದ್ಯಂತ 40ಕ್ಕೂ ಹೆಚ್ಚು ಜಾತಿಯ ಕೀಟ, ರೋಗಾಣುಗಳನ್ನು ಪ್ರಯೋಗಿಸಿ ನೋಡಿದ್ದಾರೆ. ಭಾರತದಲ್ಲೂ ಆಯಿತು. ನೂರಾರು ಬೆರಕೆ ತಳಿಗಳ ಈ ಗಿಡ ಎಲ್ಲವನ್ನೂ ತಾಳಿಕೊಂಡಿತು. ಆಸ್ಟ್ರೇಲಿಯಾದಂಥ ಶ್ರೀಮಂತ ದೇಶದಲ್ಲೂ ಅದು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ನಿಂತಿದೆ.

ಇಷ್ಟು ದೊಡ್ಡ ಸಂಖ್ಯೆ ಮನುಷ್ಯನ ಕೈಕಾಲು ಸೋಲಿಸಿಬಿಡುತ್ತದೆ. ನಾನು ಹೇಳಬೇಕೆಂದಿರುವುದು ಇಲ್ಲಿಂದ ಮುಂದಿನದು. ಅದೇ ದಿನಕ್ಕೊಂದು ಚದರ ಕಿಲೋಮೀಟರಿನ ಅಳತೆಯನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಮಾತ್ರ ಅನ್ವಯಿಸಿ. ಹುಲಿ ಸಂರಕ್ಷಿತ ಪ್ರದೇಶದ ಒಟ್ಟು ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರ್. ಮೂಲೆ ಮೂಲೆಯಲ್ಲೂ ಲಾಂಟಾನವಿದೆ ಎಂದೇ ಇಟ್ಟುಕೊಂಡರೂ ಅದು ಹತ್ತೊಂಬತ್ತು ತಿಂಗಳ ಕೆಲಸ. ಬೆಟ್ಟದಲ್ಲಿ ಮತ್ತು ಸುತ್ತಮುತ್ತ ಅರವತ್ತರಷ್ಟು ಪೋಡುಗಳಿವೆ. ಪೋಡಿಗೆ ಇಷ್ಟು ಎಂದು ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಹತ್ತು ಚದರ ಕಿಲೋಮೀಟರಿಗಿಂತ ಕಡಿಮೆ. ದೇಶದ ಲೆಕ್ಕದಲ್ಲಿ ನಾಲ್ಕು ಶತಮಾನ ಕೇಳುವ ಕೆಲಸ, ಒಂದು ಪೋಡಿನ ಲೆಕ್ಕಕ್ಕೆ ಇಳಿದಾಗ ಕಣ್ಣಳತೆಗೆ ಸಿಗುವ ಕಾಡಾಗುತ್ತದೆ. ಅದರ ಹಳ್ಳ, ದಿಣ್ಣೆ, ನೆಲ್ಲಿ ಮರ ಎಲ್ಲಿವೆ ಎಂದು ಅಲ್ಲಿನ ಹತ್ತು ವರ್ಷದ ಮಗುವಿಗೂ ಗೊತ್ತು.

ಕೆಲಸದ ವಿಧಾನವೂ ಈಗ ತಿಳಿದಿದೆ. ಮಚ್ಚಿನಿಂದ ಮೇಲೆ ಕಡಿದರೆ ಲಾಂಟಾನ ಇಮ್ಮಡಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ, ಗುದ್ದಲಿಯಿಂದ ನೆಲಮಟ್ಟದ ತುಸು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುತ್ತಾರೆ. ಕೊಂಬೆ ಮಣ್ಣಿಗೆ ತಾಗದಿದ್ದರೆ ಮತ್ತೆ ಬೇರು ಬಿಡಲಾರದು. ನಂತರದ ಎರಡು ಮೂರು ವರ್ಷ, ಹಕ್ಕಿ ಕೂರುವ ಮರಗಳ ಕೆಳಗೆ ಮುಖ್ಯವಾಗಿ, ಮೊಳೆತ ಸಸಿಗಳನ್ನು ಕಿತ್ತುಹಾಕಬೇಕು. ತೆರವಾದ ಜಾಗಕ್ಕೆ ನಾಡ ಹುಲ್ಲಿನ ಬೀಜ ಹಾಕಬೇಕು, ಇಲ್ಲವಾದರೆ ಕಮ್ಯುನಿಸ್ಟ್ ಗಿಡವೋ ಇನ್ನೊಂದು ಕಳೆಯೋ ಬಂದು ಕೂರುತ್ತದೆ. ಗುತ್ತಿಗೆದಾರ ಒಂದು ಬೇಸಿಗೆ ಬಂದು ಎಕರೆ ಲೆಕ್ಕದಲ್ಲಿ ಕಡಿದು ಬಿಲ್ಲು ಪಡೆದು ಹೋಗುವ ಪದ್ಧತಿಯಿಂದ ಇದು ಆಗುವುದಿಲ್ಲ. ಮರು ವರ್ಷವೂ, ಅದರ ಮರು ವರ್ಷವೂ ಅದೇ ಜಾಗಕ್ಕೆ ಹೋಗುವವರು ಬೇಕು. ಅಂಥವರು ಅಲ್ಲೇ ಬದುಕುವವರು ಮಾತ್ರ.

ಕಾನೂನು ಕೂಡ ಅವರ ಕಡೆಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯಗಳಿಗೆ ಕಾಡನ್ನು ಬಳಸುವುದಷ್ಟೇ ಅಲ್ಲ, ಕಾಪಾಡುವ, ಮರಳಿ ಬೆಳೆಸುವ, ನಿರ್ವಹಿಸುವ ಹಕ್ಕನ್ನೂ ಕೊಡುತ್ತದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲು. ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ವರ್ಷಗಳಿಂದ ಲಾಂಟಾನ ಕಡ್ಡಿ ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಿದ್ದಾರೆ. ನೀಲಗಿರಿಯ ಆದಿವಾಸಿ ಕುಶಲಕರ್ಮಿಗಳು ಅದೇ ಕಡ್ಡಿಯಲ್ಲಿ ನಿಜ ಗಾತ್ರದ ಆನೆಗಳನ್ನು ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ನೂರು ಆನೆಗಳ ಹಿಂಡು ಅಮೆರಿಕಕ್ಕೆ ಹೋಯಿತು. ನಾಲ್ಕು ಕೇರಳದಷ್ಟು ಪೊದೆಯನ್ನು ಕುರ್ಚಿ, ಆನೆ ಮಾಡಿ ಮುಗಿಸಲಾಗದು. ಆದರೆ ಬೇರು ಕೀಳುವ ಕೈಗೆ ವರ್ಷವಿಡೀ ಕೂಲಿ ಸಿಗುವಂತೆ ಮಾಡುವ ದಾರಿಗಳಲ್ಲಿ ಅದೂ ಒಂದು, ಗೌರವದ ದಾರಿ.

ಎಲ್ಲಿಂದ ಶುರು ಮಾಡಬೇಕು ಎಂಬುದನ್ನೂ ಅಂಕಿಗಳೇ ಹೇಳುತ್ತವೆ. ಬಿಳಿಗಿರಿರಂಗನ ಬೆಟ್ಟದ 2008ರ ಎಣಿಕೆಯಲ್ಲಿ ನೂರಕ್ಕೆ 19 ತಾಣಗಳಲ್ಲಿ ಲಾಂಟಾನ ಇರಲಿಲ್ಲ. ಅಂಥ ಉಳಿದ ಕಾಡು, ಉಳಿದ ಹುಲ್ಲುಗಾವಲು ಮೊದಲು ಕಾಯಬೇಕಾದದ್ದು. ಅಲ್ಲಿ ಕಾಣಿಸಿಕೊಂಡ ಒಂದು ಸಸಿಯನ್ನು ಎರಡು ಬೆರಳಲ್ಲಿ ಕೀಳಬಹುದು. ಹತ್ತು ವರ್ಷ ಬಿಟ್ಟರೆ ಲಕ್ಷ ಗಿಡಗಳನ್ನು ಗುದ್ದಲಿಯಲ್ಲಿ ಅಗೆಯಬೇಕು. ಮೊದಲು ಕಡಿಮೆ ಲಾಂಟಾನ ಇರುವ ಜಾಗ, ಆಮೇಲೆ ನೀರಿನ ಮೂಲ ಮತ್ತು ಮೇವಿನ ಬಯಲು, ಕೊನೆಗೆ ದಟ್ಟ ಪೊದೆ. ಈಗ ನಡೆಯುವುದು ಹೆಚ್ಚಾಗಿ ಇದರ ವಿರುದ್ಧ: ರಸ್ತೆಯ ಪಕ್ಕ ಕಣ್ಣಿಗೆ ಬೀಳುವ ದಟ್ಟ ಪೊದೆಗೆ ಮೊದಲ ಹಣ ಹೋಗುತ್ತದೆ.

ಆದ್ದರಿಂದ ನಾವು ಸರ್ಕಾರವನ್ನು ಕೇಳಬೇಕಾದ ಲೆಕ್ಕವೇ ಬದಲಾಗಬೇಕು. ಈ ವರ್ಷ ಎಷ್ಟು ಹೆಕ್ಟೇರ್ ಲಾಂಟಾನ ತೆಗೆದಿರಿ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ, ಏಕೆಂದರೆ ಒಂದೇ ಜಾಗವನ್ನು ಮೂರು ಸಲ ತೆಗೆದು ಮೂರು ಸಲ ತೋರಿಸಬಹುದು. ಐದು ವರ್ಷದ ಹಿಂದೆ ತೆಗೆದ ಜಾಗದಲ್ಲಿ ಇಂದು ಹುಲ್ಲು ಎಷ್ಟಿದೆ, ನೆಲ್ಲಿ, ಮತ್ತಿ, ಹೊನ್ನೆಯ ಎಷ್ಟು ಸಸಿ ಎದ್ದಿವೆ, ಆ ಕೆಲಸದಿಂದ ಎಷ್ಟು ಪೋಡುಗಳ ಎಷ್ಟು ಮನೆಗೆ ಕೂಲಿ ಹೋಗಿದೆ ಎಂದು ಕೇಳೋಣ. ಹುಲಿ ಎಣಿಸಲು ಭೂಮಿಯನ್ನು ಹದಿಮೂರು ಸುತ್ತು ನಡೆಯಬಲ್ಲ ದೇಶಕ್ಕೆ ತನ್ನ ಬೆಟ್ಟಗಳ ಹುಲ್ಲನ್ನೂ ಎಣಿಸುವ ಶಕ್ತಿ ಖಂಡಿತ ಇದೆ. ಪ್ರತಿ ಬೆಟ್ಟದ ಗ್ರಾಮಸಭೆ ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕೂತು ಈ ಅಂಕಿಗಳನ್ನು ವರ್ಷಕ್ಕೊಮ್ಮೆ ಪಂಚಾಯಿತಿಯ ಗೋಡೆಗೆ ಹಚ್ಚಲಿ.